ಮರ್ವಾಯಿ, ಪಚ್ಚಿಲೆಗಳಲ್ಲಿ ಪಾಚಿಯ ವಿಷ: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಕರಾವಳಿಯಲ್ಲಿ ತಿನ್ನುವ ಚಿಪ್ಪುಜೀವಿಗಳಾದ ಮರ್ವಾಯಿಯಾಗಲಿ (ಕ್ಲಾಮ್) ಪಚ್ಚಿಲೆಯಾಗಲಿ (ಮಸಲ್) ಚಿಪ್ಪನ್ನು ತುಸುವೇ ತೆರೆದು, ಕಿವಿರುಗಳ ಮೂಲಕ ನೀರನ್ನು ಸತತವಾಗಿ ಹಾಯಿಸುತ್ತಾ, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಗಳನ್ನು ಸೋಸಿ ತಿನ್ನುತ್ತದೆ. ನೀರಿನಲ್ಲಿ ಅಲೆಕ್ಸಾಂಡ್ರಿಯಂ ಅಥವಾ ಜಿಮ್ನೋಡಿನಿಯಂ ಜಾತಿಯ ವಿಷಕಾರಿ ಪಾಚಿ ಹೆಚ್ಚಿದಾಗ, ಅದರೊಳಗಿನ ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷವು ಮುಖ್ಯವಾಗಿ ಜೀರ್ಣಗ್ರಂಥಿಯಲ್ಲಿ, ಅಂದರೆ ಮಾಂಸದ ನಡುವೆ ಕಾಣುವ ಕಡುಬಣ್ಣದ ಮೆತ್ತನೆಯ ಭಾಗದಲ್ಲಿ, ಶೇಖರವಾಗುತ್ತದೆ. ಒಳಸೇರಿದಷ್ಟು ಬೇಗ ಅದು ಹೊರಹೋಗುವುದಿಲ್ಲ. ನೀರು ತಿಳಿಯಾದ ಮೇಲೆ ಪಚ್ಚಿಲೆ ಕೆಲವು ವಾರಗಳಲ್ಲಿ ಅದನ್ನು ಬಹುಮಟ್ಟಿಗೆ ಕಳೆದುಕೊಂಡರೆ, ಉತ್ತರ ಅಮೆರಿಕದ ಪಶ್ಚಿಮ ತೀರದ ಬಟರ್ ಕ್ಲಾಮ್ ಎಂಬ ಚಿಪ್ಪುಜೀವಿ ಎರಡು ವರ್ಷದವರೆಗೂ ಉಳಿಸಿಕೊಂಡದ್ದುಂಟು. ವಿಷ ತುಂಬಿದ ಜೀವಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುವುದರಿಂದ, ಬಾಯಿ ಬಿಗಿದಿರುವ ತಾಜಾ ಮರ್ವಾಯಿಯೆಂದ ಮಾತ್ರಕ್ಕೆ ಧೈರ್ಯಪಡುವಂತಿಲ್ಲ.

ಇದು ನಮ್ಮ ತೀರಕ್ಕೆ ಹೊಸತಲ್ಲ. 1983ರಲ್ಲಿ ಮಂಗಳೂರಿಗೆ ಸಮೀಪದ ಕುಂಬಳೆ ಅಳಿವೆಯ ಮರ್ವಾಯಿ ತಿಂದವರಲ್ಲಿ ಈ ವಿಷಬಾಧೆ ಕಾಣಿಸಿಕೊಂಡಿತ್ತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದ ಏಳು ಮಂದಿ ಸಾವಿಗೀಡಾದರು.

ಅಡುಗೆಮನೆಯಲ್ಲಿ ಮಾಡಬಹುದಾದದ್ದು ಬಹಳ ಕಡಿಮೆ. ರಾತ್ರಿಯಿಡೀ ನೀರಿನಲ್ಲಿಟ್ಟರೆ ಮರಳು ಹೋಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ಕುದಿಸುವುದು, ಹುರಿಯುವುದು, ಹುಳಿ ಹಿಂಡುವುದು, ಫ್ರೀಜರಿನಲ್ಲಿಡುವುದು ಯಾವುದನ್ನೂ ನಂಬುವಂತಿಲ್ಲ. ಬೇಯಿಸಿದಾಗ ವಿಷದ ಒಂದಂಶ ನೀರಿಗೆ ಇಳಿಯುತ್ತದೆ. ಚಿಪ್ಪು ಬಾಯಿಬಿಡಲೆಂದು ಕುದಿಸಿದ ಆ ನೀರನ್ನು ರುಚಿಯ ಆಸೆಗೆ ಸಾರಿಗೆ ಸುರಿಯುವ ರೂಢಿಯನ್ನು, ಎಷ್ಟೇ ಹಳೆಯದಾದರೂ, ಅನುಮಾನವಿರುವ ದಿನಗಳಲ್ಲಿ ಬಿಡಲೇಬೇಕು. ಕಡುಬಣ್ಣದ ಗ್ರಂಥಿಯನ್ನು ತೆಗೆದರೆ ಅಪಾಯ ತಗ್ಗಬಹುದು, ಇಲ್ಲವಾಗುವುದಿಲ್ಲ.

ಆದ್ದರಿಂದ ಎಚ್ಚರ ಕೊಳ್ಳುವಾಗಲೇ ಇರಬೇಕು. ಯಾವ ಅಳಿವೆಯದು, ಯಾವಾಗ ಹೆಕ್ಕಿದ್ದು ಎಂದು ಮಾರುವವರನ್ನು ಕೇಳಿರಿ. ನೀರು ಕೆಂಪು, ಕಂದು ಅಥವಾ ಹಸಿರಾಗಿ ತಿರುಗಿದ, ಮೀನು ಸತ್ತು ತೇಲಿದ ಜಾಗದ್ದನ್ನು ಮುಟ್ಟಬೇಡಿರಿ. ಆದರೆ ಬಣ್ಣ ಬದಲಾಗದ ನೀರಿನಲ್ಲೂ ವಿಷಕಾರಿ ಪಾಚಿ ಇರಬಲ್ಲದು. ಕಿಲೋಗ್ರಾಂ ಮಾಂಸಕ್ಕೆ 0.8 ಮಿಲಿಗ್ರಾಂ ವಿಷ ಎಂಬುದು ಹಲವು ದೇಶಗಳು ಒಪ್ಪಿರುವ ಮಿತಿ. ಅದು ಮೀರಿದೆಯೇ ಎಂಬುದು ಪ್ರಯೋಗಾಲಯದಲ್ಲಲ್ಲದೆ ಕಣ್ಣಿಗೂ ಮೂಗಿಗೂ ತಿಳಿಯದು.

ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆ, ಬೆರಳ ತುದಿಗಳು ಜುಮುಗುಟ್ಟಿದರೆ ಕಷಾಯ, ಮಜ್ಜಿಗೆಗಳಲ್ಲಿ ಹೊತ್ತು ಕಳೆಯದೆ, ಕೃತಕ ಉಸಿರಾಟದ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಈ ವಿಷಕ್ಕೆ ಪ್ರತಿವಿಷವಿಲ್ಲ. ಉಸಿರಾಟದ ಸ್ನಾಯುಗಳು ಸೋತರೆ ದೇಹ ವಿಷವನ್ನು ಹೊರಹಾಕುವವರೆಗೆ ಯಂತ್ರವೇ ಉಸಿರಾಡಿಸಬೇಕಾಗುತ್ತದೆ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿರಿ; ಉಳಿದ ಮರ್ವಾಯಿಯನ್ನು ಎಸೆಯದೆ, ಪರೀಕ್ಷೆಗೆ ಬೇಕಾಗಬಹುದೆಂದು ಮುಚ್ಚಿ ಫ್ರಿಜ್ಜಿನಲ್ಲಿಡಿರಿ.