ತಮಟೆ ಎಲ್ಲರ ಕೈಗೆ ಬಂದ ಬಗೆ

ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಭಾನುವಾರ ತಮಟೆ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊದಲು ಹೇಳಿಕೊಡುವುದು ಕಾಯಿಸುವುದನ್ನು. ಬಾರಿಸುವುದು ಆಮೇಲೆ. ಒಣಗಿದ ತೆಂಗಿನ ಗರಿ, ಹುಲ್ಲು ಕೂಡಿಸಿ ಬೆಂಕಿ ಹಾಕಿ, ಉರಿ ತಾಗದಷ್ಟು ದೂರದಲ್ಲಿ ತಮಟೆಯನ್ನು ಹಿಡಿದು, ಒಂದೇ ಸಮನೆ ತಿರುಗಿಸುತ್ತಿರಬೇಕು. ನಡುನಡುವೆ ಬೆರಳಿನಿಂದ ತಟ್ಟಿ ನೋಡಬೇಕು. ‘ದಬ್’ ಎನ್ನುತ್ತಿದ್ದ ಚರ್ಮ ‘ಟಣ್’ ಎನ್ನತೊಡಗಿದರೆ ಹದ ಬಂದಂತೆ. ಅವಸರ ಮಾಡಿದರೆ ಚರ್ಮ ಸೀಳುತ್ತದೆ. ಮಳೆಗಾಲದ ತಂಡಿಯಲ್ಲಂತೂ ಸ್ವಲ್ಪ ಹೊತ್ತು ಬಾರಿಸುವಷ್ಟರಲ್ಲಿ ಮತ್ತೆ ಸಡಿಲವಾಗಿ, ಮತ್ತೆ ಬೆಂಕಿಯ ಮುಂದೆ ಕೂರಬೇಕು. ಈ ಕೆಲಸವನ್ನು ಚರ್ಮ ಮುಟ್ಟದೆ ಮಾಡಲು ಆಗುವುದಿಲ್ಲ. ಅದರ ವಾಸನೆ ಅಂಗೈಗೆ ಹತ್ತಿಕೊಳ್ಳುತ್ತದೆ.

ಈ ಚರ್ಮವನ್ನು ತಲೆಮಾರುಗಳಿಂದ ಮುಟ್ಟುತ್ತ ಬಂದವರು ಯಾರು, ಮುಟ್ಟದವರು ಯಾರು ಎಂಬುದು ನಮ್ಮ ಕಡೆ ಐದು ವರ್ಷದ ಮಗುವಿಗೂ ಗೊತ್ತು. ಊರಿಗೆ ಸುದ್ದಿ ಸಾರಲು, ಜಾತ್ರೆಗೆ, ಸಾವಿಗೆ ತಮಟೆ ಬೇಕು. ಬಾರಿಸಿದವರು ಮಾತ್ರ ಬಾಗಿಲಾಚೆ ನಿಲ್ಲಬೇಕು. ಕೋಲಾರದ ದಲಿತ ಚಳವಳಿ ಇದನ್ನು ನೇರವಾಗಿ ಪ್ರಶ್ನಿಸಿತು. ಬಿಟ್ಟಿ ಚಾಕರಿಯಾಗಿ ಬಾರಿಸುವುದಿಲ್ಲ ಎಂದು ಕೆಲವರು ತಮಟೆಯನ್ನು ಕೆಳಗಿಟ್ಟರು. ಅದೇ ತಮಟೆಯನ್ನು ಕೆಲವರು ಜಾಥಾಗಳ ಮುಂದೆ ಹೆಮ್ಮೆಯಿಂದ ಹಿಡಿದು ನಡೆದರು. ನನ್ನ ಮಟ್ಟಿಗೆ ಎರಡೂ ಸರಿ. ನಾನು ಕೋಲಾರದಲ್ಲಿ ಪದವಿ ಓದುವಾಗ ತೇರಹಳ್ಳಿ ಬೆಟ್ಟದ ಮೇಲಿರುವ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಹುಣ್ಣಿಮೆಯ ರಾತ್ರಿಗಳಲ್ಲಿ ಹೋಗುತ್ತಿದ್ದೆ. ಅಲ್ಲಿ ಯಾವ ಊರು, ಯಾವ ಬೀದಿ ಎಂದು ಕೇಳದೆ ಜನ ಒಟ್ಟಿಗೆ ನೆಲದ ಮೇಲೆ ಕೂತು ಹಾಡು ಕೇಳುವುದನ್ನು ಕಂಡೆ. ಬೆಟ್ಟದ ಮೇಲೆ ಆಗುವುದು ನಮ್ಮ ಊರಿನ ನಡುವೆ ಏಕೆ ಆಗಬಾರದು ಎಂಬ ಹಟ ಹುಟ್ಟಿದ್ದು ಆಗಲೇ.

ಊರಿಗೆ ಮರಳಿದ ಮೇಲೆ ಎದುರಾದ ಮೊದಲ ಪ್ರಶ್ನೆ ಜಾಗದ್ದು. ಅರಳಿಕಟ್ಟೆಯ ಬಳಿ ಸೇರೋಣವೆಂದರೆ ಅದು ದೇವಸ್ಥಾನದ ಎದುರು. ದಲಿತರ ಕಾಲೊನಿಯ ಮಕ್ಕಳು ಬಂದರೂ ಅಂಚಿನಲ್ಲಿ ನಿಲ್ಲುತ್ತಾರೆ. ಅಂಬೇಡ್ಕರ್ ಭವನದಲ್ಲಿ ಸೇರೋಣವೆಂದರೆ ಮೇಲಿನ ಬೀದಿಯ ತಾಯಂದಿರು ಮಕ್ಕಳನ್ನು ಕಳಿಸುವುದಿಲ್ಲ. ಮಸೀದಿ ಬೀದಿಯವರಿಗೆ ಎರಡೂ ತಮ್ಮದಲ್ಲ. ಕೊನೆಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು, ಅಂದರೆ ಈಗಿನ ಅರಿವು ಕೇಂದ್ರವನ್ನು ಆರಿಸಿಕೊಂಡೆವು. ಆರರಿಂದ ಹದಿನೆಂಟು ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಕೈಯಲ್ಲಿ ಕಾರ್ಡ್ ಇರುವ ಮಗುವನ್ನು ‘ಇಲ್ಲಿ ನಿನಗೇನು ಕೆಲಸ’ ಎಂದು ಯಾರೂ ಕೇಳುವಂತಿಲ್ಲ. ಯುವಜನರನ್ನು ಸೇರಿಸುವ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಯಾರ ಅಂಗಳದಲ್ಲಿ ಸೇರುತ್ತೀರಿ ಎಂಬುದರಲ್ಲೇ ಯಾರು ಬರುವುದಿಲ್ಲ ಎಂಬುದೂ ತೀರ್ಮಾನವಾಗಿರುತ್ತದೆ.

ಹೊತ್ತಿನ ವಿಷಯವೂ ಹಾಗೆಯೇ. ಟೊಮೆಟೊ ಕೊಯ್ಲಿನ ದಿನಗಳಲ್ಲಿ ನಮ್ಮ ಅರ್ಧ ತಂಡ ನಸುಕಿನಲ್ಲೇ ಹೊಲದಲ್ಲಿರುತ್ತದೆ. ವಡ್ಡಹಳ್ಳಿ ಮಾರುಕಟ್ಟೆಗೆ ಹೋಗುವ ಗಾಡಿಗೆ ಬಾಕ್ಸ್ ತುಂಬಿಸುವುದು ಈ ಹುಡುಗರೇ. ಬೆಳಿಗ್ಗೆ ಅಭ್ಯಾಸವಿಟ್ಟರೆ ಕೂಲಿಗೆ ಹೋಗುವವರು ತಪ್ಪಿಹೋಗುತ್ತಾರೆ, ಸಂಜೆಗಿಟ್ಟರೆ ಹೆಣ್ಣುಮಕ್ಕಳನ್ನು ಮನೆಯವರು ಬಿಡುವುದಿಲ್ಲ. ಆದ್ದರಿಂದ ಕೊಯ್ಲಿನ ಕಾಲದಲ್ಲಿ ಮಧ್ಯಾಹ್ನ ಊಟವಾದ ಮೇಲೆ, ಉಳಿದ ಕಾಲದಲ್ಲಿ ಬೆಳಿಗ್ಗೆ ಸೇರುತ್ತೇವೆ.

ಗುರುಗಳಾಗಿ ನಾವು ಕರೆದುತಂದದ್ದು ಕಾಲೊನಿಯ ಹಿರಿಯರೊಬ್ಬರನ್ನು. ಮಕ್ಕಳೆಲ್ಲ ಅವರನ್ನು ‘ತಾತ’ ಎನ್ನುತ್ತಾರೆ. ಫೈಬರ್ ಹಾಳೆಯ ತಮಟೆ ತಂದರೆ ಮನೆಗಳಲ್ಲಿ ತಕರಾರು ಇರುವುದಿಲ್ಲ, ಕಾಯಿಸುವ ಗೋಜೂ ಇಲ್ಲ ಎಂದು ಹಿತೈಷಿಗಳು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಮುಟ್ಟುವುದನ್ನು ತಪ್ಪಿಸಿ ತಾಳವನ್ನಷ್ಟೇ ಕಲಿಸಿದರೆ ಅದು ತಾತನ ವಿದ್ಯೆಯನ್ನು ತೆಗೆದುಕೊಂಡು ತಾತನನ್ನು ಹೊರಗೆ ಬಿಟ್ಟಂತೆ. ಆದರೆ ಯಾವ ಮಗುವನ್ನೂ ಬಲವಂತ ಮಾಡಲಿಲ್ಲ. ಮುಟ್ಟಲು ಹಿಂಜರಿಯುವವರು ಮೊದಲು ಬೆಂಕಿಗೆ ಗರಿ ಒದಗಿಸಿದರು, ನಂತರ ಬಾಯಲ್ಲೇ ಪಟ್ಟು ಹೇಳುವುದನ್ನು ಕಲಿತರು, ಒಂದು ದಿನ ತಾವಾಗಿಯೇ ಕೈಚಾಚಿದರು.

ಪೋಷಕರ ಮನಸ್ಸು ಬದಲಾಯಿಸಿದ್ದು ನನ್ನ ಮಾತಲ್ಲ, ಒಂದು ಸುದ್ದಿ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂದಿತು. ಆ ಪತ್ರಿಕೆಯ ತುಣುಕನ್ನು ನಮ್ಮ ಹುಡುಗರು ಮನೆಮನೆಗೆ ಒಯ್ದು ತೋರಿಸಿದರು. ತಾತನಂತೂ ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ತಾತನಿಗೆ ತಿಂಗಳಿಗೊಮ್ಮೆ ಸಂಭಾವನೆ ಕೊಡುತ್ತೇವೆ, ಅದೂ ಎಲ್ಲರ ಮುಂದೆ, ಹೆಸರು ಬರೆದ ಲಕೋಟೆಯಲ್ಲಿ. ಕಲಿಸಿದ್ದಕ್ಕೆ ಕೊಡುವ ಹಣ ಯಾರೂ ಮರೆಯಲ್ಲಿ ಕೈಗೆ ತುರುಕುವ ಭಕ್ಷೀಸಿನಂತೆ ಕಾಣಬಾರದು.

ನಮ್ಮ ಗಡಿಭಾಗದಲ್ಲಿ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮುಸ್ಲಿಂ ಮಕ್ಕಳ ಮನೆಯಲ್ಲಿ ಉರ್ದು. ಕನ್ನಡದಲ್ಲಿ ತಪ್ಪಾದೀತೆಂಬ ಭಯಕ್ಕೆ ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಿದ್ದಾರೆ. ಅಂಥ ಹುಡುಗಿಯೊಬ್ಬಳು ನಮ್ಮಲ್ಲೂ ಮೂಲೆ ಹಿಡಿದು ಕೂರುತ್ತಿದ್ದಳು. ತಾತ ಹೇಳಿಕೊಡುವ ‘ಜಗ್ಗಣಕ ಜಗ್ಗಣಕ’ಕ್ಕೆ ಯಾವ ಮನೆಮಾತೂ ಅಡ್ಡ ಬರುವುದಿಲ್ಲವಲ್ಲ, ಅವಳ ದನಿ ಹೊರಟಿದ್ದು ಅಲ್ಲಿಂದ. ನಾಟಕ ಕಟ್ಟುವಾಗ ‘ಅಮ್ಮನ ಹತ್ತಿರ ಹೇಗೆ ಜಗಳವಾಡುತ್ತೀಯೋ ಅದೇ ಮಾತಿನಲ್ಲಿ ಆಡು’ ಎಂದೆ. ತೆಲುಗಿನಲ್ಲಿ ಆಡಿದಳು. ಎದುರಿಗೆ ಕೂತವರಿಗೆ ಅನುವಾದ ಬೇಕಾಗಲಿಲ್ಲ. ಕೈವಾರದ ಸಂತಕವಿ ತಾತಯ್ಯನವರು ಬಳೆ ಮಾರುತ್ತ ಬಾಳಿದವರು, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ನಮ್ಮ ಭಜನೆ ಮಂಡಳಿಗಳು ಅವನ್ನು ಇಂದಿಗೂ ಹಾಡುತ್ತವೆ. ಇಂಥ ನೆಲದಲ್ಲಿ ಒಂದು ಮಗು ತನ್ನ ಮನೆಮಾತಿಗೆ ನಾಚಿಕೊಳ್ಳುವಂತಾದರೆ ಅದು ನಮ್ಮೆಲ್ಲರ ನಷ್ಟ. ಈಗ ನಮ್ಮ ನಾಟಕಗಳಲ್ಲಿ ಮೂರು ಭಾಷೆಗಳೂ ಇರುತ್ತವೆ. ಅವಳ ಕನ್ನಡವೂ ಚೆನ್ನಾಗಿ ಸುಧಾರಿಸಿದೆ, ಭಯ ಹೋದದ್ದೇ ಕಾರಣ.

ಮುಂದಾಳತ್ವದ ಬಗ್ಗೆ ನಮ್ಮ ತಂಡ ಕಟ್ಟುನಿಟ್ಟು. ಚೆನ್ನಾಗಿ ಮಾತಾಡುವವನೇ ಸದಾ ಮುಂದೆ ನಿಂತರೆ ಊರಿನ ಹಳೆಯ ಏರ್ಪಾಡೇ ನಮ್ಮಲ್ಲೂ ನೆಲೆಯಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಇಬ್ಬರು ಮುಂದಾಳುಗಳು ಬದಲಾಗುತ್ತಾರೆ: ಒಬ್ಬ ಹುಡುಗ, ಒಬ್ಬ ಹುಡುಗಿ, ಇಬ್ಬರೂ ಬೇರೆ ಬೇರೆ ಬೀದಿಯವರು. ತಮಟೆ ಇಡುವ ಪೆಟ್ಟಿಗೆಯ ಬೀಗದ ಕೈ ಅವರದು. ಮೊದಲ ಪೆಟ್ಟು ಅವರದು. ಕಾರ್ಯಕ್ರಮಕ್ಕೆ ಕರೆಯಲು ಬಂದವರ ಜೊತೆ ಮಾತಾಡುವವರೂ ಅವರೇ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ. ಎರಡು ವಾರ ಯಾರಾದರೂ ಬರದಿದ್ದರೆ ಅವರ ಮನೆಗೆ ಹೋಗಿ ವಿಚಾರಿಸುವುದು ಮುಂದಾಳುಗಳ ಮುಖ್ಯ ಕೆಲಸ. ಈ ನೆಪದಲ್ಲಿ ಮೇಲಿನ ಬೀದಿಯ ಹುಡುಗ ಮೊದಲ ಸಲ ಕಾಲೊನಿಯ ಮನೆಯೊಂದರ ಒಳಗೆ ಕೂತು ಕಾಫಿ ಕುಡಿದು ಬಂದ. ಅವನ ಅಜ್ಜಿಗೆ ಸುದ್ದಿ ಮುಟ್ಟಿ, ಎರಡು ದಿನ ಮನೆಯಲ್ಲಿ ಮಾತುಕತೆ ನಿಂತಿತ್ತು. ಮುಂದಿನ ಭಾನುವಾರ ಅವನು ಬಂದೇ ಬಂದ. ವೇದಿಕೆಯ ಮೇಲೆ ನಿಂತು ಭಾಷಣ ಮಾಡುವುದಕ್ಕಿಂತ ಇದಕ್ಕೆ ಹೆಚ್ಚು ಗುಂಡಿಗೆ ಬೇಕು.

ನಾಟಕಕ್ಕೆ ನಾವು ಬಳಸುವುದು ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ 1970ರ ದಶಕದಲ್ಲಿ ಬೆಳೆಸಿದ ಪದ್ಧತಿ. ಅನ್ಯಾಯವೊಂದು ನಡೆಯುವ ಚಿಕ್ಕ ದೃಶ್ಯವನ್ನು ಒಮ್ಮೆ ಪೂರ್ತಿ ಆಡುತ್ತೇವೆ. ಎರಡನೆಯ ಸಲ ಆಡುವಾಗ ನೋಡುತ್ತಿರುವವರು ಯಾರು ಬೇಕಾದರೂ ‘ನಿಲ್ಲಿಸಿ’ ಎನ್ನಬಹುದು. ಎಂದವರು ಸ್ವತಃ ಎದ್ದು ಬಂದು, ಪಾತ್ರಧಾರಿಯನ್ನು ಕೂರಿಸಿ, ತಾವಾಗಿದ್ದರೆ ಏನು ಮಾಡುತ್ತಿದ್ದೆವೆಂದು ಆಡಿ ತೋರಿಸಬೇಕು. ಸೂತ್ರಧಾರ ಉತ್ತರ ಹೇಳುವಂತಿಲ್ಲ, ಮತ್ತೆ ಮತ್ತೆ ಕೇಳಬೇಕು ಅಷ್ಟೇ.

ನಮ್ಮ ಮಕ್ಕಳು ಆರಿಸಿಕೊಂಡ ದೃಶ್ಯ ಕ್ರಿಕೆಟ್ ಮುಗಿದ ಮೇಲಿನದು. ಎಲ್ಲ ಬೀದಿಯವರೂ ಒಂದೇ ತಂಡದಲ್ಲಿ ಆಡುತ್ತಾರೆ, ಗೆದ್ದಾಗ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಬಾಯಾರಿಕೆಯಾದಾಗ ಕೆಲವರು ನಾಯಕನ ಮನೆಯೊಳಗೆ ಹೋಗುತ್ತಾರೆ, ಉಳಿದವರು ಬೀದಿ ನಲ್ಲಿಯ ಹತ್ತಿರ ನಿಲ್ಲುತ್ತಾರೆ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಇಷ್ಟೇ ದೃಶ್ಯ. ಎರಡನೆಯ ಸಲ ಆಡುವಾಗ ಮೇಲಿನ ಬೀದಿಯ ಹುಡುಗನೊಬ್ಬ ನಿಲ್ಲಿಸಿ, ನಾಯಕನ ಪಾತ್ರಕ್ಕೆ ಬಂದು, ‘ನಾನೂ ನಲ್ಲಿಯಲ್ಲೇ ಕುಡಿಯುತ್ತೇನೆ’ ಎಂದ. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಕಾಲೊನಿಯ ಹುಡುಗನೊಬ್ಬ ಎದ್ದು ನಿಂತು ಹೇಳಿದ: ‘ನೀನು ಹೊರಗೆ ಬಂದೆ, ಸರಿ. ನನ್ನನ್ನು ಒಳಗೆ ಕರೆಯಲಿಲ್ಲವಲ್ಲ.’ ಸೂತ್ರಧಾರಿಣಿ ಅದನ್ನೇ ಜನರ ಮುಂದಿಟ್ಟಳು. ಬಹಳ ಹೊತ್ತಿನ ನಂತರ ಒಬ್ಬ ತಾಯಿ ಎದ್ದು ಬಂದು, ನಾಯಕನ ಅಮ್ಮನ ಪಾತ್ರ ವಹಿಸಿ, ಬಿಂದಿಗೆ ಎತ್ತಿಕೊಂಡು ಹೊಸ್ತಿಲವರೆಗೆ ಬಂದರು. ಅಲ್ಲಿಗೆ ನಿಂತುಬಿಟ್ಟರು. ‘ಇಲ್ಲಿಯವರೆಗೆ ಬರುತ್ತದೆ ಮಗಾ ನನ್ನ ಧೈರ್ಯ’ ಎಂದರು. ಆ ಪ್ರಾಮಾಣಿಕತೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಸುಳ್ಳು ಸುಖಾಂತ್ಯಕ್ಕಿಂತ ಹೊಸ್ತಿಲ ಮೇಲಿನ ಆ ಬಿಂದಿಗೆಯೇ ನಮ್ಮ ಊರಿನ ನಿಜವಾದ ಸ್ಥಿತಿ.

ಇಂಥ ಪ್ರದರ್ಶನಗಳಿಗೆ ಹಿರಿಯರು ಹೆದರುವುದು ಸುಮ್ಮನೆ ಅಲ್ಲ. 2000ದ ಮಾರ್ಚ್‌ನಲ್ಲಿ, ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸಜೀವವಾಗಿ ಸುಟ್ಟದ್ದು ಅವರಿಗೆ ನೆನ್ನೆಯ ಮಾತು. ಆದ್ದರಿಂದ ಯಾವ ದೃಶ್ಯದಲ್ಲೂ ಊರಿನ ಯಾವುದೇ ಮನೆಯನ್ನು, ವ್ಯಕ್ತಿಯನ್ನು ಗುರುತಿಸುವಂತೆ ಆಡುವುದಿಲ್ಲ. ಪ್ರದರ್ಶನದ ಹಿಂದಿನ ದಿನ ಎಲ್ಲ ಬೀದಿಗಳ ಹಿರಿಯರಿಗೂ ಮುಂದಾಳುಗಳೇ ಹೋಗಿ ತಿಳಿಸುತ್ತಾರೆ. ಮುಗಿದ ಮೇಲೆ ಮಕ್ಕಳನ್ನು ಗುಂಪಾಗಿ ಮನೆ ಮುಟ್ಟಿಸುತ್ತೇವೆ. ಕಲೆಯ ಹೆಸರಿನಲ್ಲಿ ಮಕ್ಕಳನ್ನು ಅಪಾಯಕ್ಕೆ ಒಡ್ಡುವ ಹಕ್ಕು ಯಾರಿಗೂ ಇಲ್ಲ.

ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲೂ ಅರ್ಜಿ ಓದುವ ಬದಲು ದೃಶ್ಯ ಆಡಿದೆವು: ಕತ್ತಲಲ್ಲಿ ಮನೆಗೆ ನಡೆಯುವ ಹುಡುಗಿಯರದು. ಕಾಲೊನಿಯ ದಾರಿಗೆ ಬೀದಿದೀಪ ಬಂದಿತು. ಸಂಜೆಯ ಬಸ್ ಇನ್ನೂ ಬಂದಿಲ್ಲ, ಕೇಳುತ್ತಲೇ ಇದ್ದೇವೆ.

ಬಾಬಯ್ಯನ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ನಮ್ಮ ತಂಡ ಬಾರಿಸಿತು. ಹಿಂದೂಗಳೂ ಮುಸ್ಲಿಮರೂ ಸೇರಿ ಮಾಡುವ ಹಬ್ಬವಾದ್ದರಿಂದ ಅಲ್ಲಿ ತೊಡಕಾಗಲಿಲ್ಲ. ಈ ವರ್ಷ ಊರ ಜಾತ್ರೆಯ ಸಮಿತಿಯವರೂ ಕರೆಯಲು ಬಂದರು. ಮೆರವಣಿಗೆಯ ಮುಂದೆ ಹುಡುಗಿಯರು ತಮಟೆ ಬಾರಿಸಿದರೆ ಚೆನ್ನಾಗಿರುತ್ತದೆ ಎಂದರು. ಆ ತಿಂಗಳ ಮುಂದಾಳು ಉರ್ದು ಮನೆಮಾತಿನ ಹತ್ತನೆಯ ತರಗತಿಯ ಹುಡುಗಿ. ‘ಮೆರವಣಿಗೆ ಮುಗಿದ ಮೇಲೆ ಊಟಕ್ಕೆ ನಮ್ಮನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸುತ್ತೀರಾ ಮಾವ?’ ಎಂದು ಅವಳು ಕೇಳಿದಳು. ಬಂದವರು ವಿಚಾರಿಸಿ ಹೇಳುತ್ತೇವೆಂದು ಎದ್ದರು.

ಆಮೇಲೆ ಮಕ್ಕಳು ಮಧ್ಯಾಹ್ನವಿಡೀ ವಾದಿಸಿದರು. ಮೊದಲು ಹೋಗಿ ಬಾರಿಸೋಣ, ನಿಧಾನವಾಗಿ ಕೇಳೋಣ ಎಂದರು ಕೆಲವರು. ಪಂಕ್ತಿಯ ಮಾತು ತೀರದೆ ಕೋಲು ಹಿಡಿಯುವುದಿಲ್ಲ ಎಂದರು ಉಳಿದವರು. ತಾತ ನಡುವೆ ಬಾಯಿ ಹಾಕಲಿಲ್ಲ. ಕೈ ಎತ್ತಿಸಿದಾಗ ಷರತ್ತಿನ ಕಡೆ ಹೆಚ್ಚು ಕೈಗಳಿದ್ದವು. ಸಮಿತಿಗೆ ಪತ್ರ ಬರೆದರು, ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಯನ್ನು ಅದರಲ್ಲಿ ಸೇರಿಸಬೇಕೆಂದು ಪಿಯುಸಿ ಹುಡುಗ ಹಟ ಹಿಡಿದು ಸೇರಿಸಿದ. ತಂಡದ ಎಲ್ಲರೂ ಸಹಿ ಹಾಕಿದರು. ಕೊಟ್ಟುಬರಲು ಹೋದವರು ಮೇಲಿನ ಬೀದಿಯವರೇ ಇಬ್ಬರು. ಈ ಪತ್ರ ತಮ್ಮ ಕೈಯಿಂದಲೇ ತಮ್ಮ ದೊಡ್ಡಪ್ಪಂದಿರಿಗೆ ತಲುಪಬೇಕು ಎಂಬುದು ಅವರದೇ ತೀರ್ಮಾನ. ಸಮಿತಿ ಇನ್ನೂ ಉತ್ತರ ಕೊಟ್ಟಿಲ್ಲ.