ಕೀಮೋಗೆ ಇನ್ನೊಂದು ಔಷಧಿ ಸೇರಿಸಿದ್ರೆ ಲಾಭ ಇದ್ಯಾ? ಟೆಸ್ಟ್ ಮಾಡೋದು ಹೀಗೆ

ಗರ್ಭಕಂಠದ ಕ್ಯಾನ್ಸರ್ ಬೇರೆ ಕಡೆ ಹರಡಿ, ಅಥವಾ ಒಂದ್ಸಲ ಹೋಗಿದ್ದು ಮತ್ತೆ ಬಂದು, ಆಪರೇಷನ್ನೂ ಆಗಲ್ಲ ರೇಡಿಯೇಷನ್ನೂ ಆಗಲ್ಲ ಅಂದಾಗ ಮುಖ್ಯವಾಗಿ ಉಳಿಯೋದು ಕೀಮೋ. ಯಾವ ಔಷಧಿಗೆ ಯಾವುದು ಜೋಡಿ ಅನ್ನೋದನ್ನ ಅಂದಾಜಲ್ಲಿ ಹೇಳಕ್ಕಾಗಲ್ಲ, ಟ್ರಯಲ್ ಮಾಡ್ಲೇಬೇಕು. ಅಮೆರಿಕ, ಸ್ಪೇನಲ್ಲಿ ನಡೆದ ಜಿಒಜಿ 240 ಅನ್ನೋ ಟ್ರಯಲ್ ಇದಕ್ಕೆ ಒಳ್ಳೇ ಉದಾಹರಣೆ.

ಮೊದಲು ಪ್ರಶ್ನೆ ಗಟ್ಟಿ ಮಾಡ್ಕೋಬೇಕು. ಇಲ್ಲಿ ಎರಡಿತ್ತು. ಗಡ್ಡೆ ತನಗೆ ಬೇಕಾದ ರಕ್ತನಾಳ ತಾನೇ ಬೆಳೆಸ್ಕೊಳ್ಳತ್ತೆ, ಅದನ್ನ ತಡೆಯೋ ಬೆವಾಸಿಜುಮ್ಯಾಬ್ ಕೊಟ್ರೆ ಹೆಚ್ಚು ದಿನ ಬದುಕ್ತಾರಾ? ಇನ್ನೊಂದು, ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ ಬದಲು ಟೋಪೋಟೆಕಾನ್ ಅನ್ನೋದು ವಾಸಿನಾ? ಯಾಕಂದ್ರೆ ಬಹಳ ಜನಕ್ಕೆ ರೇಡಿಯೇಷನ್ ಟೈಮಲ್ಲೇ ಸಿಸ್‌ಪ್ಲಾಟಿನ್ ಕೊಟ್ಟಿರ್ತಾರೆ, ಮತ್ತೆ ಕೊಟ್ರೆ ನಾಟಲ್ವೇನೋ ಅಂತ ಅನುಮಾನ.

ಆಮೇಲೆ ಗುಂಪು ಮಾಡೋದು. 452 ಹೆಂಗಸರು, ನಾಲ್ಕು ಗುಂಪು, ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಮಾತ್ರ ಎಲ್ಲರಿಗೂ. ಅರ್ಧ ಜನಕ್ಕೆ ಮುದ್ದೆ (ಸಿಸ್‌ಪ್ಲಾಟಿನ್) ಅರ್ಧ ಜನಕ್ಕೆ ಅನ್ನ (ಟೋಪೋಟೆಕಾನ್) ಹಾಕಿ, ಎರಡರಲ್ಲೂ ಅರ್ಧರ್ಧ ಜನಕ್ಕೆ ತುಪ್ಪ (ಬೆವಾಸಿಜುಮ್ಯಾಬ್) ಬಡಿಸಿದ ಹಾಗೆ, ಮುದ್ದೆ-ಅನ್ನದ ಲೆಕ್ಕಾನೂ ಸಿಗತ್ತೆ ತುಪ್ಪದ ಲೆಕ್ಕಾನೂ ಸಿಗತ್ತೆ. ಯಾರು ಯಾವ ಗುಂಪು ಅನ್ನೋದು ಚೀಟಿ ಎತ್ತಿದ ಹಾಗೇ ಆಗ್ಬೇಕು, ಡಾಕ್ಟರಿಗೆ ಬಿಟ್ರೆ ಗಟ್ಟಿಮುಟ್ಟಾಗಿರೋರಿಗೆಲ್ಲ ಹೊಸದನ್ನೇ ಬರೆದುಬಿಟ್ಟಾರು!

ಡ್ರಿಪ್ 21 ದಿನಕ್ಕೊಂದು ಸುತ್ತು. ಬೆವಾಸಿಜುಮ್ಯಾಬ್ ಕೆಜಿಗೆ 15 ಮಿಲಿಗ್ರಾಂ, ಅಂದ್ರೆ 60 ಕೆಜಿ ಇರೋರಿಗೆ 900. ಕಾಯಿಲೆ ಜಾಸ್ತಿಯಾದ್ರೆ, ಔಷಧಿ ತಡ್ಕೊಳ್ಳಕ್ಕಾಗ್ದಿದ್ರೆ, ಇಲ್ಲಾ ಗಡ್ಡೆ ಪೂರ್ತಿ ಹೋದ್ರೆ ನಿಲ್ಲಿಸ್ತಾರೆ.

ಅಳತೆ ಸ್ಕ್ಯಾನಲ್ಲಿ. ಗಡ್ಡೆಗಳ ಅಡ್ಡಳತೆ ಕೂಡಿಸಿ 10 ಸೆಂಟಿಮೀಟರ್ ಇದ್ದಿದ್ದು 7ಕ್ಕೋ ಅದಕ್ಕಿಂತ ಕೆಳಗೋ ಇಳಿದ್ರೆ ಮಾತ್ರ ಕುಗ್ಗಿದೆ ಅಂತ ಬರೀತಾರೆ, ಚೂರು ಕಮ್ಮಿ ಆದಂಗಿದೆ ಅನ್ನೋದೆಲ್ಲ ನಡೆಯಲ್ಲ. ಆದ್ರೆ ಗಡ್ಡೆ ಕುಗ್ಗಿದ ಮಾತ್ರಕ್ಕೆ ಗೆದ್ದಂಗಲ್ಲ, ಮುಖ್ಯ ಲೆಕ್ಕ ಎಷ್ಟು ದಿನ ಬದುಕಿದ್ರು ಅನ್ನೋದು. ಬರೀ ಕೀಮೋ ತಗೊಂಡೋರಲ್ಲಿ ಅರ್ಧ ಜನ ದಾಟಿದ್ದು 13.3 ತಿಂಗಳು, ಬೆವಾಸಿಜುಮ್ಯಾಬ್ ಸೇರಿದಾಗ 17. ಟೋಪೋಟೆಕಾನಿಂದ ಏನೂ ಹೆಚ್ಚಿಗೆ ಸಿಗ್ಲಿಲ್ಲ.

ಈಗ ಖರ್ಚಿನ ಪಟ್ಟಿ, ದುಡ್ಡಿಂದಲ್ಲ, ಅಡ್ಡಪರಿಣಾಮದ್ದು, ನನ್ನ ಪ್ರಕಾರ ಇದನ್ನೇ ಮೊದಲು ಓದ್ಬೇಕು. ಬೆವಾಸಿಜುಮ್ಯಾಬ್ ತಗೊಂಡೋರಲ್ಲಿ ಬಿಪಿ ತೊಂದರೆ ಶೇ 25, ಇನ್ನೊಂದು ಕಡೆ ಶೇ 2. ಸುಮಾರು ಶೇ 8 ಜನಕ್ಕೆ ಕರುಳಿಗೂ ಯೋನಿಗೂ ನಡುವೆ ತೂತು ಬಿತ್ತು, ಅವರೆಲ್ಲರೂ ಮೊದಲೇ ಕಿಬ್ಬೊಟ್ಟೆಗೆ ರೇಡಿಯೇಷನ್ ತಗೊಂಡೋರು. ಮಲ ಆ ದಾರೀಲಿ ಬರತ್ತೆ ಅಂದ್ರೆ ಹೆಚ್ಚಿಗೆ ಸಿಕ್ಕ 3.7 ತಿಂಗಳು ಹೇಗೆ ಕಳೀಬೇಕು ಹೇಳಿ. ಹಾಗಾಗಿ ಯಾರಿಗೆ ಕೊಡ್ಬಾರ್ದು ಅನ್ನೋದೂ ಉತ್ತರದ ಭಾಗವೇ.

ಈ ಕಾಯಿಲೆಗೆ ಬೆವಾಸಿಜುಮ್ಯಾಬ್ ಕೊಡೋಕೆ 2014ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡ್ತು. ಮುಂದಿನ ಟ್ರಯಲ್ ಅಲ್ಲಿಂದಲೇ ಶುರು: 2021ರಲ್ಲಿ ರಿಸಲ್ಟ್ ಬಂದ ಕೀನೋಟ್ 826ರಲ್ಲಿ ಪೆಂಬ್ರೋಲಿಜುಮ್ಯಾಬ್ (ಮೈಯ ರೋಗನಿರೋಧಕ ಶಕ್ತೀನ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧಿ) ಅಥವಾ ಪ್ಲಸೀಬೋ (ಔಷಧಿ ಇಲ್ಲದ ಡ್ರಿಪ್) ಸೇರಿಸಿದ್ದು ಕೀಮೋ ಮೇಲೆ, ಬೆವಾಸಿಜುಮ್ಯಾಬ್ ಕೊಡೋದು ಬಿಡೋದು ಡಾಕ್ಟರಿಗೆ ಬಿಟ್ಟಿದ್ರು.