ಕೊಳವೆಬಾವಿಗೆ ಮಳೆನೀರು ಇಂಗಿಸುವುದು ಹೇಗೆ?

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬರುವ ಟೊಮೆಟೊ, ಕೋಸು, ಹುರುಳಿಕಾಯಿ ಬಹುಪಾಲು ಬೋರ್‌ ನೀರಿನ ಬೆಳೆ. ಬೋರ್ ಬತ್ತಿದರೆ ಕಾಯಿ ಕಟ್ಟಿದ ತೋಟವೂ ಒಣಗುತ್ತದೆ. ಸಾವಿರ ಅಡಿ ದಾಟಿದರೂ ಬರೀ ದೂಳು ಕಾರುವ ಹೊಸ ಬೋರ್‌ಗೆ ಸಾಲ ಮಾಡುವ ಮೊದಲು ಇರುವುದಕ್ಕೇ ನೀರಿಂಗಿಸಿ. ಎಕರೆ ಮೇಲೆ ಒಂದು ಇಂಚು ಮಳೆಯೆಂದರೆ ಲಕ್ಷ ಲೀಟರ್‌ಗೂ ಹೆಚ್ಚು ನೀರು.

ಮೋಟಾರು ಮೇಲೆತ್ತಿ, ಒಂದು ಟ್ಯಾಂಕರ್ ತಿಳಿನೀರನ್ನು ಬೋರ್ ಬಾಯಿಯ ಹೊರಪೈಪಾದ ಕೇಸಿಂಗ್‌ಗೆ ಬಿಟ್ಟು ನೋಡಿ. ಬೋರ್ ಕುಡಿಯದೆ ಉಕ್ಕಿದರೆ ಅಲ್ಲಿ ಗುಂಡಿ ತೋಡಬೇಡಿ. ಕುಡಿದರೆ, ಕೇಸಿಂಗ್ ನಡುವೆ ಬರುವಂತೆ 10 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ. ಜೆಸಿಬಿ ಬಕೆಟ್ ಕೇಸಿಂಗ್‌ನಿಂದ ಎರಡಡಿ ದೂರವೇ ಇರಲಿ. ಉಳಿದ ಮಣ್ಣನ್ನು ಹಾರೆ, ಸನಿಕೆಯಲ್ಲೇ ತೆಗೆಯಬೇಕು. ಸಡಿಲ ಮಣ್ಣಾದರೆ ಗುಂಡಿಯ ಗೋಡೆ ಓರೆಯಾಗಿರಲಿ, ಕುಸಿದರೆ ಒಳಗಿದ್ದವರ ಜೀವಕ್ಕೇ ಅಪಾಯ.

ಹೆಚ್ಚಿನವರು ಕೆಡಿಸುವುದು ಕೇಸಿಂಗ್‌ನ ಕೆಲಸವನ್ನು. ಗುಂಡಿಯೊಳಗಿನ ಕೇಸಿಂಗ್‌ನ ಕೆಳಗಿನ ನಾಲ್ಕಡಿಗೆ ಮಾತ್ರ 6 ಮಿ.ಮೀ. ತೂತು, ಎರಡೆರಡು ಇಂಚಿಗೊಂದು, ಸಾಲು ಬಿಟ್ಟು ಸಾಲು ಪಕ್ಕಕ್ಕೆ ಸರಿಸಿ ಕೊರೆಯಿರಿ. ಒತ್ತೊತ್ತಾಗಿ ಕೊರೆದರೆ ಪಿವಿಸಿ ಪೈಪು ಕಲ್ಲಿನ ಭಾರಕ್ಕೆ ಸೀಳುತ್ತದೆ. ತೂತಿನಂಚಿನ ಚೂಪು ಸಿಪ್ಪೆಗಳನ್ನು ಮರಳುಕಾಗದದಿಂದ ಉಜ್ಜಿ. ಇಲ್ಲದಿದ್ದರೆ ಮೇಲೆ ಸುತ್ತುವ ಪರದೆಯನ್ನು ಅವೇ ಹರಿಯುತ್ತವೆ. ಆಮೇಲೆ ಸಣ್ಣ ಕಣ್ಣಿನ ಗಟ್ಟಿ ನೈಲಾನ್ ಪರದೆಯನ್ನು ಮೂರು ಸುತ್ತು ಬಿಗಿದು, ತೂತುಗಳ ಮೇಲೂ ಕೆಳಗೂ ಅರ್ಧ ಅಡಿ ಹೆಚ್ಚೇ ಬಿಟ್ಟು, ನೈಲಾನ್ ಹಗ್ಗದಲ್ಲಿ ಗೇಣಿಗೊಂದು ಕಟ್ಟು ಹಾಕಿ. ಕಬ್ಬಿಣದ ತಂತಿ ಬೇಡ, ತುಕ್ಕು ಹಿಡಿಯುತ್ತದೆ. ಹಸಿರು ಶೇಡ್‌ನೆಟ್ ಅಗ್ಗವೆಂದು ಸುತ್ತಲೇಬೇಡಿ: ಅದರ ಕಣ್ಣಿನಲ್ಲಿ ಹೂಳು ಸಲೀಸಾಗಿ ನುಗ್ಗಿ ಬಂಡೆಯ ಬಿರುಕು ಮುಚ್ಚುತ್ತದೆ, ಆ ಬಿರುಕನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ.

ತುಂಬುವಾಗ ಟ್ರ್ಯಾಕ್ಟರ್‌ನಿಂದ ಕಲ್ಲು ಸುರಿಯಕೂಡದು. ಪೈಪಿನ ಸುತ್ತ ಕೈಯಲ್ಲೇ ಜೋಡಿಸಿ. ನಾಲ್ಕಡಿ ದಪ್ಪಕಲ್ಲು, ಎರಡಡಿ 40 ಮಿ.ಮೀ. ಜಲ್ಲಿ, ಒಂದಡಿ 20 ಮಿ.ಮೀ. ಜಲ್ಲಿ, ಅದರ ಮೇಲೆ ಪರದೆ ಹಾಸಿ ಒಂದಡಿ ತೊಳೆದ ದಪ್ಪಮರಳು. ಮೇಲಿನ ಎರಡಡಿ ನೀರು ನಿಲ್ಲಲು ಖಾಲಿಯಿರಲಿ. ತೊಳೆಯದ ಎಂ-ಸ್ಯಾಂಡ್‌ನ ಪುಡಿ ಗಾರೆಯಂತೆ ಕೂರುತ್ತದೆ.

ನೀರು ಬರುವ ದಾರಿಯಲ್ಲಿ, ಹತ್ತಡಿ ಮೊದಲೇ, 6 ಅಡಿ ಅಗಲ, 4 ಅಡಿ ಆಳದ ಹೂಳುಗುಂಡಿ ಬೇಕೇ ಬೇಕು. ಹೆಚ್ಚಾದ ನೀರು ಹೊರಹೋಗಲು ಕೋಡಿಯೂ ಇರಲಿ. ಕೊಟ್ಟಿಗೆ ನೀರು, ಔಷಧಿ ಹೊಡೆದ ಹೊಲದ ನೀರು, ವರ್ಷದ ಮೊದಲ ಮಳೆ, ಈ ಮೂರನ್ನೂ ಹೊರಗೆ ತಿರುಗಿಸಿ. ಚಾವಣಿಯ ಪೈಪನ್ನು ನೇರ ಕೇಸಿಂಗ್ ಬಾಯಿಗೆ ಇಳಿಸುವ ಅಡ್ಡದಾರಿ ಹಿಡಿದರೆ ಕೊಳಕೂ ನೀರಿನ ಜೊತೆಗೇ ಇಳಿಯುತ್ತದೆ. ಕೇಸಿಂಗ್ ಬಾಯಿಗೆ ಮುಚ್ಚಳ ಭದ್ರವಾಗಿರಲಿ.

ಮುಂಗಾರಿಗೆ ಮುನ್ನ ಹೂಳು ತೆಗೆದು, ಮೇಲಿನ ಮೂರಿಂಚು ಮರಳನ್ನು ಕೆರೆದು ಹೊಸದು ಹಾಕಿ. ಮಳೆಯಾದ ಮೇಲೆ ಪಂಪಿನಲ್ಲಿ ಕೆಂಪು ನೀರು ಬಂದರೆ ಪರದೆ ಹರಿದಿರಬಹುದು. ಗುಂಡಿಗೆ ನೀರು ತರುವ ಕಾಲುವೆಗೆ ಆಗಲೇ ಮಣ್ಣಿನ ಒಡ್ಡು ಹಾಕಿ.